ಕಟ್ಟಡವಿಲ್ಲದ ಅಥೆನ್ಸ್

ಮಿಲಾನ್‌ಗೆ ಬರುವ ನಮ್ಮ ಕಡೆಯ ಪ್ರವಾಸಿಗರ ದಿನಚರಿ ಹೆಚ್ಚುಕಡಿಮೆ ಒಂದೇ. ಡುವೊಮೊ ಚರ್ಚಿನ ಮಾಳಿಗೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು, ಪಕ್ಕದ ಗಾಜಿನ ಛಾವಣಿಯ ಗ್ಯಾಲೆರಿಯಾದಲ್ಲಿ ಚೀಲಗಳ ಬೆಲೆ ಕೇಳಿ ಬೆರಗಾಗುವುದು, ಟಿಕೆಟ್ ಸಿಕ್ಕಿದ್ದರೆ ಲಿಯೊನಾರ್ಡೊನ ‘ಕೊನೆಯ ಭೋಜನ’ದ ಮುಂದೆ ಹದಿನೈದು ನಿಮಿಷ ನಿಂತು ಬರುವುದು. ಅಷ್ಟಾದರೆ ಬಸ್ಸು ವೆನಿಸ್ಸಿನ ಕಡೆ ಹೊರಡುತ್ತದೆ. ಡುವೊಮೊದಿಂದ ಪಶ್ಚಿಮಕ್ಕೆ ನಿಧಾನವಾಗಿ ನಡೆದರೂ ಹತ್ತು ನಿಮಿಷ ಹಿಡಿಯದ ದೂರದಲ್ಲಿ, ಬ್ಯಾಂಕುಗಳ ಮತ್ತು ಕಾಫಿ ಅಂಗಡಿಗಳ ನಡುವೆ, ಆಂಬ್ರೋಸಿಯಾನಾ ಎಂಬ ಹಳೆಯ ಗ್ರಂಥಾಲಯವಿದೆ. ಅದಕ್ಕೆ ಸೇರಿಕೊಂಡೇ ಒಂದು ಚಿತ್ರಶಾಲೆ. ಹೊರಗಿನಿಂದ ನೋಡಿದರೆ ಸರ್ಕಾರಿ ಕಚೇರಿಯೊಂದರ ಗಾಂಭೀರ್ಯ, ಒಳಗೆ ಕರೆಯುವ ಅಬ್ಬರವಿಲ್ಲ. ನಾನು ಹೋದದ್ದು ಅಲ್ಲಿನ ಒಂದೇ ಒಂದು ವಸ್ತುವಿಗಾಗಿ. ಐದನೆಯ ಕೋಣೆಯ ಗೋಡೆಯನ್ನು ಪೂರ್ತಿ ಆವರಿಸಿರುವ ಒಂದು ಇದ್ದಿಲ ಚಿತ್ರ.

ಕೋಣೆಯಲ್ಲಿ ಬೆಳಕು ಕಡಿಮೆ. ಕಾಗದಕ್ಕೆ ಬೆಳಕು ಶತ್ರು, ಅದರಲ್ಲೂ ಐನೂರು ವರ್ಷ ದಾಟಿದ ಕಾಗದಕ್ಕೆ. ಕಣ್ಣು ಹೊಂದಿಕೊಳ್ಳುವವರೆಗೆ ಏನೋ ಕಂದುಬಣ್ಣದ ಉದ್ದನೆಯ ಹಾಸು ಇದೆ ಎನಿಸುತ್ತದೆ, ಅಷ್ಟೆ. ಆಮೇಲೆ ಒಬ್ಬೊಬ್ಬರಾಗಿ ಜನ ಕಾಣಿಸಿಕೊಳ್ಳುತ್ತಾರೆ. ಮೊದಲು ಮಧ್ಯದಲ್ಲಿ ಮೆಟ್ಟಿಲ ಮೇಲೆ ಕಾಲು ಚಾಚಿ ಒರಗಿದ ಮುದುಕ. ಆಮೇಲೆ ಅವನ ಹಿಂದೆ ನಡೆದುಬರುವ ಇಬ್ಬರು. ಎಡಬಲಗಳಲ್ಲಿ ಗುಂಪುಗುಂಪಾಗಿ ಬರೆಯುವವರು, ವಾದಿಸುವವರು, ಇಣುಕುವವರು. ಒಟ್ಟು ಸುಮಾರು ಐವತ್ತು ಜನ, ಬಹುಪಾಲು ನಮ್ಮ ನಿಮ್ಮಷ್ಟೇ ಎತ್ತರದವರು. ಚಿತ್ರದ ಅಗಲ 8 ಮೀಟರಿಗೂ ಒಂದಿಷ್ಟು ಹೆಚ್ಚು, ಎತ್ತರ 2 ಮೀಟರ್ 85 ಸೆಂಟಿಮೀಟರ್. ಒಂದೇ ಹಾಳೆಯಲ್ಲ, ಸುಮಾರು 210 ಹಾಳೆಗಳನ್ನು ಹಿಟ್ಟಿನ ಅಂಟಿನಿಂದ ಒಂದಕ್ಕೊಂದು ಕೂಡಿಸಿ ಮಾಡಿದ್ದು. ಮುಂದಿರುವ ಗಾಜು ಪ್ರತಿಫಲನವಿಲ್ಲದ ಜಾತಿಯದು, ಮೂಗು ತಾಗುವಷ್ಟು ಹತ್ತಿರ ಹೋಗಬಹುದು. ಹೋದರೆ ಹಾಳೆಗಳ ಬೆಸುಗೆ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ಇದು ರಾಫೆಲ್‌ನ ‘ಅಥೆನ್ಸಿನ ವಿದ್ಯಾಶಾಲೆ’ ಭಿತ್ತಿಚಿತ್ರದ ಕರಡು. ಮೂಲ ಚಿತ್ರ ರೋಮಿನಲ್ಲಿ, ವ್ಯಾಟಿಕನ್ ಅರಮನೆಯ ಒಂದು ಕೋಣೆಯ ಗೋಡೆಯ ಮೇಲಿದೆ. ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲೂ, ತತ್ತ್ವಶಾಸ್ತ್ರದ ಪುಸ್ತಕಗಳ ಮುಖಪುಟಗಳಲ್ಲೂ ಅಚ್ಚಾಗಿ ಅಚ್ಚಾಗಿ ಸವೆದ ಚಿತ್ರ ಅದು. ಪ್ಲೇಟೊ ಬೆರಳನ್ನು ಆಕಾಶಕ್ಕೆ ಎತ್ತಿದ್ದಾನೆ, ಅರಿಸ್ಟಾಟಲ್ ಅಂಗೈಯನ್ನು ನೆಲದ ಕಡೆ ಚಾಚಿದ್ದಾನೆ. ಪೋಪ್ ಎರಡನೆಯ ಜೂಲಿಯಸ್ ತನ್ನ ವಾಸದ ಕೋಣೆಗಳಿಗೆ ಚಿತ್ರ ಬರೆಸಲು ಹೊರಟಾಗ, 1508ರ ಸುಮಾರಿಗೆ ರಾಫೆಲ್ ಫ್ಲಾರೆನ್ಸಿನಿಂದ ರೋಮಿಗೆ ಬಂದ. ಆಗ ಅವನಿಗೆ ಇಪ್ಪತ್ತೈದು. ಈ ಗೋಡೆಯ ಕೆಲಸ ನಡೆದದ್ದು 1509 ಮತ್ತು 1511ರ ನಡುವೆ. ನಾಲ್ಕು ಹೆಜ್ಜೆ ಆಚೆ ಸಿಸ್ಟೀನ್ ಚಾಪೆಲ್ಲಿನ ಅಟ್ಟಣಿಗೆಯ ಮೇಲೆ ಅದೇ ಹೊತ್ತಿಗೆ ಮೈಕೆಲೆಂಜೆಲೊ ಕತ್ತು ಮೇಲೆ ಮಾಡಿಕೊಂಡು ನಿಂತಿದ್ದ. ಈ ನೆರೆಹೊರೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಇಷ್ಟು ದೊಡ್ಡ ಕರಡು ಯಾಕೆ ಬೇಕು ಎನ್ನುವುದಕ್ಕೆ ಉತ್ತರ ಸುಣ್ಣದಲ್ಲಿದೆ. ಹಸಿ ಗಾರೆಯ ಮೇಲೆ ಬಣ್ಣ ಹಾಕಿದರೆ ಗಾರೆ ಒಣಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಗಾರೆ ಕಾಯುವುದಿಲ್ಲ. ಬೆಳಿಗ್ಗೆ ಎಷ್ಟು ಜಾಗಕ್ಕೆ ಮೆತ್ತುತ್ತಾರೋ ಅಷ್ಟನ್ನು ಅಂದೇ ಮುಗಿಸಬೇಕು, ಉಳಿದದ್ದನ್ನು ಕೆರೆದು ತೆಗೆಯಬೇಕು. ತಪ್ಪಿದರೆ ಒರೆಸಿ ತಿದ್ದುವುದಿಲ್ಲ, ಗಾರೆಯನ್ನೇ ಕಿತ್ತು ಹೊಸದಾಗಿ ಮೆತ್ತಬೇಕು. ಹಾಗಾಗಿ ಗೋಡೆಯ ಎದುರು ನಿಂತು ಯೋಚಿಸುವ ಸೌಲಭ್ಯ ಭಿತ್ತಿಚಿತ್ರಕಾರನಿಗಿಲ್ಲ. ಯಾರ ಮೊಣಕಾಲು ಎಷ್ಟು ಮಡಿಸಬೇಕು, ಯಾವ ಮಡಿಕೆಯ ನೆರಳು ಎಲ್ಲಿ ಬೀಳಬೇಕು ಎಂಬ ಜಗಳವೆಲ್ಲ ಕಾಗದದ ಮೇಲೇ ತೀರಿರಬೇಕು. ಮೊದಲು ಅಂಗೈಯಗಲದ ಕಾಗದಗಳಲ್ಲಿ ಒಟ್ಟು ವಿನ್ಯಾಸ, ಆಮೇಲೆ ಒಬ್ಬೊಬ್ಬರದೇ ಆಕೃತಿ, ಕೈ, ಮುಖ. ಕೊನೆಗೆ ಗೋಡೆಯ ಅಳತೆಗೆ ಸರಿಸಮವಾದ ಈ ಹಾಸು. ಇಟಾಲಿಯನ್ನರು ಇದಕ್ಕೆ ಕಾರ್ತೋನೆ ಅನ್ನುತ್ತಾರೆ. ಇಂಥವನ್ನು ಬರೆಯುವಾಗ ಉದ್ದನೆಯ ಬೆತ್ತದ ತುದಿಗೆ ಇದ್ದಿಲು ಕಟ್ಟಿಕೊಂಡು, ದೂರ ನಿಂತು, ಪ್ರಮಾಣ ನೋಡುತ್ತ ಗೆರೆ ಎಳೆಯುತ್ತಿದ್ದರು ಎಂದು ಕಲಾವಿದರ ಚರಿತ್ರೆಕಾರ ವಸಾರಿ ಬರೆದಿದ್ದಾನೆ. ಇದ್ದಿಲಿನಲ್ಲಿ ನೆರಳು, ಸೀಸದ ಬಿಳಿಯಲ್ಲಿ ಹೊಳಪು. ಇಡೀ ಹಾಸಿನಲ್ಲಿರುವುದು ಇವೆರಡೇ.

ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದರೆ ಮೂರನೆಯದೊಂದು ಕಾಣುತ್ತದೆ. ಪ್ರತಿ ಆಕೃತಿಯ ಅಂಚಿಗೂ, ಬಟ್ಟೆಯ ಪ್ರತಿ ಮಡಿಕೆಗೂ, ಮೂಗು ತುಟಿಗಳ ಗೆರೆಗೂ ಉದ್ದಕ್ಕೂ ಸೂಜಿ ಚುಚ್ಚಿದ ತೂತುಗಳು. ಸಾವಿರಾರು. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಆರಿ ಕಸೂತಿ ಹಾಕುವ ರವಿಕೆ ಅಂಗಡಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲೂ ಟ್ರೇಸಿಂಗ್ ಕಾಗದದ ಮೇಲೆ ಬಳ್ಳಿ ಹೂವು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ರೇಷ್ಮೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಬಟ್ಟೆಯುಂಡೆಯಿಂದ ಉಜ್ಜುತ್ತಾರೆ. ಕಾಗದ ಎತ್ತಿದರೆ ಬಟ್ಟೆಯ ಮೇಲೆ ಚುಕ್ಕಿಗಳ ಬಳ್ಳಿ. ರಾಫೆಲ್‌ನ ಕೆಲಸಗಾರರು ಮಾಡುತ್ತಿದ್ದದ್ದೂ ಇದನ್ನೇ, ಇದ್ದಿಲ ಪುಡಿಯ ಚೀಲದಿಂದ ಹಸಿ ಗಾರೆಯ ಮೇಲೆ.

ಆದರೆ ಇಲ್ಲೊಂದು ಸಿಕ್ಕು. ಗೋಡೆಗೆ ದಿನದಿನದ ಪಾಲಿನಂತೆ ಗಾರೆ ಮೆತ್ತುವಾಗ ಕರಡನ್ನೂ ಅಷ್ಟಷ್ಟೇ ಕತ್ತರಿಸಿ ಒದ್ದೆ ಗೋಡೆಗೆ ಹಚ್ಚಬೇಕಾಗುತ್ತದೆ. ಹಚ್ಚಿದ ಕಾಗದ ಸುಣ್ಣ ಕುಡಿದು ಹಾಳಾಗುತ್ತದೆ. ಆ ಕಾಲದ ಕರಡುಗಳು ಉಳಿಯದಿರುವುದಕ್ಕೆ ಇದೇ ಮುಖ್ಯ ಕಾರಣ. ಉಳಿದವೂ ಸುಖವಾಗಿ ಉಳಿಯಲಿಲ್ಲ. ಫ್ಲಾರೆನ್ಸಿನ ಸಭಾಂಗಣಕ್ಕೆಂದು ಲಿಯೊನಾರ್ಡೊ ಮತ್ತು ಮೈಕೆಲೆಂಜೆಲೊ ಎದುರುಬದುರಾಗಿ ತಯಾರಿಸಿದ ಎರಡು ಯುದ್ಧಚಿತ್ರಗಳ ಕರಡುಗಳನ್ನು ನೋಡಲು ಇಟಲಿಯ ಕಲಾವಿದರೆಲ್ಲ ಮುಗಿಬಿದ್ದರು. ಇಂದು ಅವೆರಡರ ತುಣುಕೂ ನಮಗಿಲ್ಲ. ರಾಫೆಲ್‌ನೇ ಮುಂದೆ ಸಿಸ್ಟೀನ್ ಚಾಪೆಲ್ಲಿನ ನೇಯ್ಗೆ ಪರದೆಗಳಿಗಾಗಿ ಬರೆದ ಬಣ್ಣದ ಕರಡುಗಳನ್ನು ನೇಕಾರರು ಪಟ್ಟಿಪಟ್ಟಿಯಾಗಿ ಕತ್ತರಿಸಿಯೇ ಬಳಸಿದರು. ಅವುಗಳಲ್ಲಿ ಏಳು ಈಗ ಮತ್ತೆ ಕೂಡಿಕೊಂಡು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ.

ಮಿಲಾನಿನ ಹಾಸನ್ನು ಮಾತ್ರ ಯಾರೂ ಕತ್ತರಿಸಿಲ್ಲ, ಗೋಡೆಗೆ ಹಚ್ಚಿಯೂ ಇಲ್ಲ. ತೂತುಗಳಲ್ಲಿ ಇದ್ದಿಲ ಪುಡಿ ಮೆತ್ತಿದ ಗುರುತಿಲ್ಲ. ವಿದ್ವಾಂಸರು ಇದರಿಂದ ಊಹಿಸುವುದು ಹೀಗೆ: ಇದರ ಕೆಳಗೆ ಬೇರೆ ಕಾಗದವನ್ನಿಟ್ಟು ಎರಡಕ್ಕೂ ಸೇರಿಸಿ ಚುಚ್ಚಿದ್ದಾರೆ, ಆ ಕೆಳಗಿನ ಕಾಗದವನ್ನು ಗೋಡೆಗೆ ಬಲಿ ಕೊಟ್ಟಿದ್ದಾರೆ. ಅಂದರೆ ಹೊರೆಗೆಲಸಕ್ಕೆ ಬದಲಿ ಆಳನ್ನು ಕಳಿಸಿ, ಈ ಚಿತ್ರವನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ. ಯಾಕೆ? ಪೋಪನಿಗೆ ತೋರಿಸಲೆಂದಿರಬಹುದು. ಬಣ್ಣ ಹಾಕುವಾಗ ಪಕ್ಕದಲ್ಲಿಟ್ಟುಕೊಂಡು ನೆರಳು ಬೆಳಕಿನ ಲೆಕ್ಕ ನೋಡಲೆಂದಿರಬಹುದು. ಗೋಡೆಗೆ ದಾಟಿಸಲು ಬರೇ ಅಂಚಿನ ಗೆರೆ ಸಾಕು. ಇಲ್ಲಿರುವಷ್ಟು ನೆರಳಿನ ಕೆಲಸ, ಕೆನ್ನೆಯ ತಿರುವಿನ ಮೇಲಿನ ಇಷ್ಟೊಂದು ಮುದ್ದು, ಯಾವ ಗಾರೆಗೂ ಬೇಕಿಲ್ಲ. ಅದನ್ನು ಮಾಡಿದವನಿಗೆ ಈ ಕಾಗದವೇ ಒಂದು ಕೃತಿ ಎಂಬ ಅರಿವಿತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಪರದೆಗಳ ಕರಡಿನಲ್ಲಿ ಶಿಷ್ಯರ ಕೈ ಧಾರಾಳವಾಗಿ ಸೇರಿದೆ. ಇದು ಇಡಿಯಾಗಿ ಗುರುವಿನದೇ ಕೈ ಎನ್ನುತ್ತಾರೆ.

ಈಗ ಎರಡು ಹೆಜ್ಜೆ ಹಿಂದೆ ಸರಿದು ಇಡೀ ಹಾಸನ್ನು ನೋಡಿದಾಗ ಏನೋ ಕೊರತೆ ಎನಿಸುತ್ತದೆ. ಕಟ್ಟಡವೇ ಇಲ್ಲ. ರೋಮಿನ ಗೋಡೆಯ ಮೇಲೆ ಈ ಜನರ ತಲೆಯ ಮೇಲೆ ಒಂದರ ಹಿಂದೊಂದು ಭಾರಿ ಕಮಾನುಗಳಿವೆ, ಗೂಡುಗಳಲ್ಲಿ ಅಪೊಲೊ ಮತ್ತು ಮಿನರ್ವಾ ವಿಗ್ರಹಗಳಿವೆ, ಕೊನೆಯ ಕಮಾನಿನಾಚೆ ನೀಲಿ ಆಕಾಶವಿದೆ. ಆ ಕಟ್ಟಡದ ಗೆರೆಗಳೆಲ್ಲ ಓಡಿ ಬಂದು ಪ್ಲೇಟೊ, ಅರಿಸ್ಟಾಟಲ್ ಇಬ್ಬರ ನಡುವೆ ಕೂಡುತ್ತವೆ. ಯಾರು ದೊಡ್ಡವರು ಎಂದು ನಮಗೆ ಹೇಳುವುದು ಅವರ ಮುಖವಲ್ಲ, ಕಲ್ಲು. ಇಲ್ಲಿ ಮೆಟ್ಟಿಲ ಗೆರೆ ಬಿಟ್ಟರೆ ಕಲ್ಲಿನ ಆಡಂಬರವಿಲ್ಲ. ಬರೇ ಮನುಷ್ಯರು. ಆ ಇಬ್ಬರು ಗುಂಪಿನ ನಡುವೆ ಮಾತಾಡುತ್ತ ಬರುವ ಇಬ್ಬರು ಗೃಹಸ್ಥರು, ಅಷ್ಟೆ. ಅಕ್ಕಪಕ್ಕದವರಿಗಿಂತ ತುಸು ಹಿಂದಿರುವುದರಿಂದ ಅಳತೆಯಲ್ಲೂ ಚಿಕ್ಕವರೇ. ಕಣ್ಣು ಅವರ ಮೇಲೆ ನಿಲ್ಲುವುದಿಲ್ಲ, ಎಲ್ಲಿ ಇಷ್ಟವೋ ಅಲ್ಲಿ ಅಲೆಯುತ್ತದೆ.

ಹೀಗೆ ಅಲೆಯಲು ಬಿಡುವುದೇ ಈ ಕರಡಿನ ಹೆಚ್ಚುಗಾರಿಕೆ ಎಂದು ನನ್ನ ವಾದ. ರೋಮಿನ ಗೋಡೆ ತತ್ತ್ವಶಾಸ್ತ್ರದ ಚಿತ್ರ. ಮಿಲಾನಿನ ಕಾಗದ ಯೋಚಿಸುವಾಗ ಮೈ ಏನು ಮಾಡುತ್ತದೆ ಎಂಬುದರ ಚಿತ್ರ. ಎಡತುದಿಯಲ್ಲಿ ಬಳ್ಳಿಯ ಕಿರೀಟ ತೊಟ್ಟವನು ಪುಸ್ತಕದ ಮೇಲೆ ಮೈಭಾರ ಹಾಕಿ ಓದುತ್ತಿದ್ದಾನೆ. ಅವನ ಮುಂದೆ ನೆಲಕ್ಕೆ ಕುಳಿತ ಬೋಳುತಲೆಯವನು, ಪೈಥಾಗೊರಸ್ ಎನ್ನುತ್ತಾರೆ, ತೊಡೆಯ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದಾನೆ. ಅವನ ಭುಜದ ಮೇಲಿಂದ ಒಬ್ಬ ಮುದುಕ ಇಣುಕಿ ಕದ್ದು ನಕಲು ಮಾಡಿಕೊಳ್ಳುತ್ತಿದ್ದಾನೆ. ಪರೀಕ್ಷೆಯ ಹಾಲಿನಲ್ಲಿ ಕೂತ ಯಾರಿಗೂ ಪರಿಚಿತವಾದ ಭಂಗಿ. ಮೇಲೆ ಸಾಕ್ರಟೀಸ್ ಬೆರಳುಗಳ ಮೇಲೆ ಒಂದೊಂದೇ ಅಂಶ ಎಣಿಸುತ್ತಿದ್ದಾನೆ, ಎದುರಿಗಿರುವ ಶಿರಸ್ತ್ರಾಣದ ಯುವಕ ಅರ್ಧ ಕೇಳುತ್ತ ಅರ್ಧ ಬೇಸರದಲ್ಲಿ ನಿಂತಿದ್ದಾನೆ. ಬಲಗಡೆ ಮೇಲೆ ಒಬ್ಬ ಹುಡುಗ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಅಡ್ಡ ಮಡಿಸಿ, ಅದನ್ನೇ ಮೇಜು ಮಾಡಿಕೊಂಡು ಗೀಚುತ್ತಿದ್ದಾನೆ.

ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಬಲಭಾಗದ ಕೆಳಗಿನ ಗುಂಪಿನ ಮುಂದೆ. ಬೋಳುತಲೆಯ ಮೇಷ್ಟ್ರೊಬ್ಬ ನೆಲದ ಮೇಲಿನ ಹಲಗೆಗೆ ಪೂರ್ತಿ ಬಾಗಿ ಕೈವಾರದಿಂದ ಏನೋ ಬರೆಯುತ್ತಿದ್ದಾನೆ. ಯೂಕ್ಲಿಡ್ ಎಂದು ರೂಢಿ. ಮುಖ ಮಾತ್ರ ವಾಸ್ತುಶಿಲ್ಪಿ ಬ್ರಮಾಂತೆಯದು ಎಂದು ವಸಾರಿ. ಸುತ್ತ ನಾಲ್ಕು ಹುಡುಗರು. ಒಬ್ಬ ಮಂಡಿಯೂರಿ, ಹಲಗೆಗೇ ಮುಖವಿಟ್ಟು, ಇನ್ನೂ ಏನೂ ಹತ್ತದೆ ನೋಡುತ್ತಿದ್ದಾನೆ. ಅವನ ಹಿಂದೆ ಬಾಗಿದವನಿಗೆ ಅರ್ಧ ಗೊತ್ತಾದಂತಿದೆ. ಮೂರನೆಯವನು ಗೊತ್ತಾಯಿತು ಎಂದು ಹಿಂದಿರುಗಿ ಪಕ್ಕದವನತ್ತ ನೋಡುತ್ತಾನೆ. ನಾಲ್ಕನೆಯವನ ಕೈಗಳು ಬಿಚ್ಚಿಕೊಂಡಿವೆ, ಬೆರಗಿನಲ್ಲಿ. ಒಂದು ಪ್ರಮೇಯ ಅರ್ಥವಾಗಲು ಹಿಡಿಯುವ ಸಮಯವನ್ನು ರಾಫೆಲ್ ನಾಲ್ಕು ಮೈಗಳಲ್ಲಿ ಹಂಚಿಟ್ಟಿದ್ದಾನೆ. ಗೋಡೆಯ ಮೇಲೆ ಇದೇ ಗುಂಪು ಕಿತ್ತಳೆ, ಹಸಿರು, ಕೆಂಪಿನ ಉಡುಪಿನಲ್ಲಿ ಚೆಂದವಾಗಿದೆ, ನಿಜ. ಇದ್ದಿಲಿನಲ್ಲಿ ಬಣ್ಣದ ತಂಟೆಯಿಲ್ಲದೆ ಆ ಬೆನ್ನುಗಳು, ಆ ಕತ್ತುಗಳು ನೇರ ಮಾತಿಗೆ ಬರುತ್ತವೆ. ಮೇಷ್ಟ್ರ ಬೋಳುತಲೆಯ ಉರುಟನ್ನು ಬಿಳಿಯ ಒಂದು ಸವರಿನಲ್ಲಿ ಎತ್ತಿದ್ದಾನೆ ನೋಡಿ, ಅದಕ್ಕಾಗಿಯೇ ಟಿಕೆಟ್ಟಿನ ಹಣ ಕೊಡಬಹುದು.

ಈ ಮೈಗಳು ಪುಸ್ತಕದಿಂದ ಬಂದವಲ್ಲ. ಚಿತ್ರಕಾರರ ಕಮ್ಮಟದಲ್ಲಿ ಬಣ್ಣ ಅರೆಯುವ, ಗಾರೆ ಕಲಸುವ ಹುಡುಗರನ್ನೇ ನಿಲ್ಲಿಸಿ, ಕೂರಿಸಿ, ಬಾಗಿಸಿ ಬರೆದುಕೊಳ್ಳುವುದು ಆಗಿನ ಪದ್ಧತಿ. ಈ ಭಿತ್ತಿಗೆ ಮಾಡಿಕೊಂಡ ಬಿಡಿ ಅಭ್ಯಾಸಗಳಲ್ಲಿ ಕೆಲವು ಯೂರೋಪಿನ ಉದ್ದಗಲಕ್ಕೂ ಚದುರಿವೆ. ಮೆಟ್ಟಿಲ ಮೇಲೆ ಒರಗಿದ ಡಯೋಜಿನಿಸ್‌ನ ಅಭ್ಯಾಸ ಫ್ರಾಂಕ್‌ಫರ್ಟಿನ ಸ್ಟೆಡೆಲ್ ಮ್ಯೂಸಿಯಮ್ಮಿನಲ್ಲಿದೆ, ಪೈಥಾಗೊರಸ್ ಗುಂಪಿನದು ವಿಯೆನ್ನಾದ ಆಲ್ಬರ್ಟಿನಾದಲ್ಲಿ. ಡಯೋಜಿನಿಸ್‌ನದು ಬೆಳ್ಳಿಮೊನೆಯ ಕೆಲಸ. ಲೇಪ ಹಾಕಿದ ಕಾಗದದ ಮೇಲೆ ಬೆಳ್ಳಿ ಕಡ್ಡಿಯಿಂದ ಎಳೆದ ಗೆರೆ. ಅಳಿಸಲು ಬರುವುದಿಲ್ಲ, ಒತ್ತಿದರೂ ದಪ್ಪವಾಗುವುದಿಲ್ಲ. ಅಂಥ ಸಣ್ಣ ಗೆರೆಯಿಂದ ಈ ಆಳೆತ್ತರದ ಇದ್ದಿಲಿಗೆ ಬರುವಾಗ ಆಕೃತಿ ಸಾಮಾನ್ಯವಾಗಿ ಬಿಗಿದುಕೊಳ್ಳುತ್ತದೆ. ದೊಡ್ಡದು ಮಾಡಿದ ಚಿತ್ರಗಳ ಶಾಪ ಅದು. ಇಲ್ಲಿ ಡಯೋಜಿನಿಸ್‌ನ ಹೊಟ್ಟೆಯ ಮಡಿಕೆ ಇನ್ನೂ ಸಡಿಲವಾಗಿಯೇ ಇದೆ.

ಹೆಸರುಗಳ ಬಗ್ಗೆ ಒಂದು ಮಾತು. ‘ಎನ್ನುತ್ತಾರೆ’, ‘ಎಂದು ರೂಢಿ’ ಎಂದು ನಾನು ಜಾರಿಕೊಳ್ಳುತ್ತಿರುವುದಕ್ಕೆ ಕಾರಣವಿದೆ. ಭಿತ್ತಿಯಲ್ಲಿ ಪ್ಲೇಟೊ, ಅರಿಸ್ಟಾಟಲರ ಕೈಯ ಪುಸ್ತಕಗಳ ಮೇಲೆ ಹೆಸರಿದೆ, ಅಲ್ಲಿಗೆ ಖಾತ್ರಿ. ಮಿಕ್ಕವರಲ್ಲಿ ಬಹಳಷ್ಟು ಮಂದಿಯ ಗುರುತು ನಂತರದವರ ಊಹೆ. 1550ರಲ್ಲಿ ಪುಸ್ತಕ ಬರೆದ ವಸಾರಿಯೇ ಇವರಲ್ಲಿ ಕೆಲವರನ್ನು ಬೈಬಲ್ಲಿನ ಸುವಾರ್ತೆಗಾರರು ಎಂದುಕೊಂಡಿದ್ದ. ಕರಡಿನ ಮುಂದೆ ಈ ಗೊಂದಲ ಕಾಡುವುದೇ ಇಲ್ಲ.

ಈಗ ಇಲ್ಲದವರ ಕಡೆಗೆ. ಮೊಬೈಲಿನಲ್ಲಿ ರೋಮಿನ ಚಿತ್ರ ತೆಗೆದು ಪಕ್ಕಕ್ಕೆ ಹಿಡಿಯಿರಿ. ಅಲ್ಲಿ ಮುಂಭಾಗದ ಮೆಟ್ಟಿಲ ಬುಡದಲ್ಲಿ, ಎಡಕ್ಕೆ ಸ್ವಲ್ಪ ಸರಿದು, ಕಲ್ಲಿನ ಚೌಕಕ್ಕೆ ಮೊಣಕೈ ಊರಿ, ಕೆನ್ನೆಗೆ ಕೈಯಿಟ್ಟು ಕುಳಿತ ಗಡ್ಡದ ಒಂಟಿ ಮನುಷ್ಯನೊಬ್ಬನಿದ್ದಾನೆ. ಕಾಲಿಗೆ ಕೆಲಸಗಾರರ ಬೂಟು. ಹೆರಾಕ್ಲಿಟಸ್ ಎಂದು ಈಗ ಕರೆಯುವುದು ಅವನನ್ನೇ. ಮಿಲಾನಿನ ಕರಡಿನಲ್ಲಿ ಅವನ ಜಾಗದಲ್ಲಿ ಬರೇ ಬಯಲು. ಗೋಡೆಯನ್ನು ಪರೀಕ್ಷಿಸಿದವರಿಗೂ ಕಂಡದ್ದು ಅದೇ: ಅವನಿರುವಲ್ಲಿ ಮೊದಲ ಗಾರೆಯನ್ನು ತೆಗೆದು ಹೊಸದನ್ನು ಮೆತ್ತಲಾಗಿದೆ. ಉಳಿದದ್ದೆಲ್ಲ ಮುಗಿದ ಮೇಲೆ ಅವನು ಬಂದು ಕುಳಿತ. 1511ರ ಆಗಸ್ಟಿನಲ್ಲಿ ಸಿಸ್ಟೀನ್ ಛಾವಣಿಯ ಮೊದಲರ್ಧ ತೆರೆಯಿತು. ಅಲ್ಲಿನ ಪ್ರವಾದಿಗಳ ಭಾರಿ ಮೈಕಟ್ಟನ್ನು ನೋಡಿ ಬಂದ ರಾಫೆಲ್ ಈ ಆಕೃತಿಯನ್ನು ಸೇರಿಸಿದ, ಮುಖವನ್ನೂ ಮೈಕೆಲೆಂಜೆಲೊನದೇ ಮಾಡಿದ ಎಂಬ ವಾದ ಬಲವಾಗಿದೆ. ಮುಖದ ಮಾತು ಇಪ್ಪತ್ತನೆಯ ಶತಮಾನದ ವಿದ್ವಾಂಸರದು, ಅದನ್ನು ಒಪ್ಪಲೇಬೇಕೆಂದಿಲ್ಲ. ಮೈಯ ಮಾತನ್ನು ಅಲ್ಲಗಳೆಯುವುದು ಕಷ್ಟ. ಸುತ್ತಲಿನವರೆಲ್ಲ ಹಗುರಾಗಿ ಓಡಾಡುತ್ತಿದ್ದರೆ ಅವನೊಬ್ಬ ನೆಲಕ್ಕೆ ಬೇರುಬಿಟ್ಟಂತೆ ಕುಳಿತಿದ್ದಾನೆ, ಬೇರೊಂದು ಕಮ್ಮಟದಿಂದ ಬಂದವನಂತೆ.

ಅವನಿಲ್ಲದ ಚಿತ್ರ ಹೇಗಿದೆ? ಎಡದಿಂದ ಮಧ್ಯಕ್ಕೆ ದಾರಿ ತೆರೆದಿದೆ. ನೋಡುವವರು ಮೆಟ್ಟಿಲು ಹತ್ತಿ ಒಳಗೆ ಹೋಗಬಹುದು. ಡಯೋಜಿನಿಸ್ ಒಬ್ಬನೇ ಆ ಬಯಲಿನ ಒಡೆಯನಂತೆ ಬಿದ್ದುಕೊಂಡಿದ್ದಾನೆ, ಅವನ ಸ್ವಭಾವಕ್ಕೆ ತಕ್ಕ ಹಾಗೆ. ಗೋಡೆಗೆ ಹೆರಾಕ್ಲಿಟಸ್ ಬೇಕಿತ್ತು; ಅಷ್ಟು ಎತ್ತರದ ಕಮಾನುಗಳ ಕೆಳಗೆ ಮುಂಭಾಗ ಬೋಳಾಗಿ ಕಾಣುತ್ತಿತ್ತೇನೊ, ಅದಕ್ಕೊಂದು ತೂಕದ ಕಲ್ಲು ಇಡಬೇಕಾಯಿತು. ಕಮಾನುಗಳೇ ಇಲ್ಲದ ಕಾಗದಕ್ಕೆ ಅವನ ಅಗತ್ಯ ಬೀಳುವುದಿಲ್ಲ. ನನಗೆ ಈ ಬಯಲೇ ಹಿತ.

ಬಲತುದಿಯಲ್ಲೂ ಒಂದು ಗೈರುಹಾಜರಿ. ಭಿತ್ತಿಯ ಅಂಚಿನಲ್ಲಿ ಕಪ್ಪು ಟೋಪಿಯ ಯುವಕನೊಬ್ಬ ನೇರ ನಮ್ಮತ್ತ ನೋಡುತ್ತಾನಲ್ಲ, ಅವನು ಸ್ವತಃ ರಾಫೆಲ್. ಪಕ್ಕದಲ್ಲಿ ಬಿಳಿ ಟೋಪಿಯ ಸಂಗಾತಿ. ಕರಡಿನಲ್ಲಿ ಇಬ್ಬರೂ ಇಲ್ಲ. ಎಲ್ಲರನ್ನೂ ಬರೆದಾದ ಮೇಲೆ ಕೊನೆಗೆ ತನಗೂ ಒಂದು ಮೂಲೆ ಹಿಡಿದುಕೊಂಡನೆಂದು ಕಾಣುತ್ತದೆ.

ಕಾಗದ ಮಿಲಾನಿಗೆ ಬಂದ ಕತೆ ಚಿಕ್ಕದು. ಇಲ್ಲಿನ ಆರ್ಚ್‌ಬಿಷಪ್ ಕಾರ್ಡಿನಲ್ ಫೆಡೆರಿಕೊ ಬೊರೊಮೆಯೊ 1609ರಲ್ಲಿ ಗ್ರಂಥಾಲಯವನ್ನು ಸಾರ್ವಜನಿಕರಿಗೆ ತೆರೆದ, 1618ರಲ್ಲಿ ತನ್ನ ಚಿತ್ರಸಂಗ್ರಹವನ್ನು ಅದಕ್ಕೆ ಕೊಟ್ಟ, ಬೆನ್ನಿಗೇ ಚಿತ್ರಕಲೆ ಕಲಿಸುವ ಶಾಲೆಯನ್ನೂ ಶುರುಮಾಡಿದ. ಹುಡುಗರು ಎದುರಿಗಿಟ್ಟುಕೊಂಡು ಕಲಿಯಲು ಒಳ್ಳೆಯ ಮಾದರಿ ಬೇಕು ಎಂಬುದು ಅವನ ಕಾಳಜಿ. ಈ ಕರಡು 1610ರಿಂದಲೇ ಎರವಲಾಗಿ ಇಲ್ಲಿತ್ತು. 1626ರಲ್ಲಿ ಒಡೆಯನ ವಿಧವೆಯಿಂದ 600 ಲೀರಾಗೆ ಕೊಂಡರು. 1796ರಲ್ಲಿ ನೆಪೋಲಿಯನ್ನನ ಸೈನ್ಯ ಲಿಯೊನಾರ್ಡೊನ ಹಸ್ತಪ್ರತಿಗಳ ಜತೆ ಇದನ್ನೂ ಪ್ಯಾರಿಸ್ಸಿಗೆ ಹೊತ್ತೊಯ್ದಿತು. ವಾಟರ್‌ಲೂ ಆದ ಮೇಲೆ ವಾಪಸು ಬಂತು. ಇತ್ತೀಚಿನ ದುರಸ್ತಿ ನಾಲ್ಕು ವರ್ಷ ಹಿಡಿಯಿತು, 2019ರ ಮಾರ್ಚಿನಲ್ಲಿ ಕರಡು ಮತ್ತೆ ಜನರ ನೋಟಕ್ಕೆ ಸಿಕ್ಕಿತು. ಹಿಂಬದಿಗೆ ಅಂಟಿಸಿದ್ದ ಹಳೆಯ ಕ್ಯಾನ್ವಾಸು ತೇವ ಏರಿಳಿದಂತೆ ಕಾಗದವನ್ನು ಎಳೆದು ಹರಿಯುತ್ತಿತ್ತು. ಅದನ್ನು ಬಿಡಿಸಿ ಹೊಸ ಆಸರೆ ಕೊಟ್ಟಿದ್ದಾರೆ. ಈಗಿನ ಪ್ರದರ್ಶನದ ಏರ್ಪಾಡು ಮಿಲಾನಿನ ವಾಸ್ತುಶಿಲ್ಪಿ ಸ್ಟೆಫಾನೊ ಬೋಯೆರಿಯದು.

ಇದೇ ಕಟ್ಟಡದಲ್ಲಿ ಲಿಯೊನಾರ್ಡೊನ ‘ಸಂಗೀತಗಾರ’ನಿದ್ದಾನೆ, ಕರವಾಜ್ಜೊನ ಹಣ್ಣಿನ ಬುಟ್ಟಿಯಿದೆ. ಹುಳು ಕೊರೆದ ಆ ಸೇಬನ್ನು ನೋಡದೆ ಬರಬೇಡಿ. ಆದರೆ ಸಮಯ ಕಡಿಮೆಯಿದ್ದರೆ ಐದನೆಯ ಕೋಣೆಗೇ ಕೊಡಿ. ದೂರ ನಿಂತು ಒಮ್ಮೆ, ಎಡದಿಂದ ಬಲಕ್ಕೆ ಗಾಜಿನ ಪಕ್ಕದಲ್ಲೇ ನಡೆಯುತ್ತ ಒಮ್ಮೆ, ಬರೇ ಪಾದಗಳನ್ನಷ್ಟೇ ನೋಡುತ್ತ ಇನ್ನೊಮ್ಮೆ. ಯಾರ ಭಾರ ಯಾವ ಕಾಲ ಮೇಲಿದೆ ಎಂದು ಹುಡುಕುತ್ತ ಹೋದರೆ ಅರ್ಧ ಗಂಟೆ ಗೊತ್ತಾಗದೆ ಕಳೆಯುತ್ತದೆ.

ಇಟಲಿಗೆ ಹೋಗುವ ಗೆಳೆಯರಿಗೆ ನಾನು ಕೊಡುವ ಸಲಹೆ ಇಷ್ಟೆ: ಮಿಲಾನ್ ಮೊದಲು, ರೋಮ್ ಆಮೇಲೆ. ಪ್ರವಾಸದ ಕಂಪನಿಗಳು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡಿರುತ್ತವೆ. ವ್ಯಾಟಿಕನ್ನಿನ ಆ ಕೋಣೆಯಲ್ಲಿ ಹಿಂದಿನವರ ತಳ್ಳಾಟಕ್ಕೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ, ಸಿಸ್ಟೀನ್ ಚಾಪೆಲ್ಲಿನ ಕಡೆಗೆ ಹರಿಯುವ ಜನ ಎಲ್ಲರನ್ನೂ ಎಳೆದುಕೊಂಡು ಹೋಗುತ್ತಾರೆ. ಕರಡನ್ನು ನೋಡಿದವರಿಗೆ ಅಷ್ಟು ಹೊತ್ತೂ ಸಾಕಾಗುತ್ತದೆ. ಯೂಕ್ಲಿಡ್‌ನ ಹುಡುಗರ ಪರಿಚಯ ಆಗಲೇ ಆಗಿರುತ್ತದೆ. ಕಮಾನುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಮಿಕ್ಕ ಸಮಯವನ್ನೆಲ್ಲ ಮೆಟ್ಟಿಲ ಬುಡದಲ್ಲಿ ಕುಳಿತ ಆ ಬೂಟುಗಾಲಿನ ಹೊಸಬನಿಗೆ ಕೊಡಬಹುದು.